ಸಕ್ಕರೆ ಪಾಕದ ಹದ: ಒಲೆಯ ಮೇಲೆ ಶಾಖದ ರಸಾಯನ ಕಲಿಯುವ ಬಗೆ

ಒಂದು ಸಂಯುಕ್ತಕ್ಕೆ ಶಾಖ ಕೊಟ್ಟರೆ ಏನೇನಾಗುತ್ತದೆ? ಇದನ್ನು ನೋಡಲು ಲ್ಯಾಬಿಗೆ ಹೋಗಬೇಕಿಲ್ಲ. ಅರ್ಧ ಕಿಲೋ ಸಕ್ಕರೆ, ಒಂದು ಲೋಟ ನೀರು, ಒಂದು ಒಲೆ ಇದ್ದರೆ ಸಾಕು. ಕರಗುವುದು, ಕುದಿಯುವುದು, ಹರಳುಗಟ್ಟುವುದು, ಗಾಜಾಗುವುದು, ಕೊನೆಗೆ ಅಣುವೇ ಒಡೆದು ಬೇರೆ ವಸ್ತುಗಳಾಗುವುದು, ಇಷ್ಟೂ ಒಂದೇ ಬಾಣಲೆಯಲ್ಲಿ ನಡೆಯುತ್ತದೆ.

ಹಬ್ಬದ ದಿನ ಪಾಕ ಕೆಟ್ಟರೆ "ಅದೆಲ್ಲ ಕೈಗುಣ" ಎಂದು ಸುಮ್ಮನಾಗುತ್ತೇವೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪಾಕದ ಹದ ಎಂದರೆ ಅದರಲ್ಲಿ ಇನ್ನೂ ಎಷ್ಟು ನೀರು ಉಳಿದಿದೆ ಎಂಬ ಲೆಕ್ಕ. ಆ ಲೆಕ್ಕವನ್ನು ಪಾಕದ ಬಿಸಿಯೇ ಹೇಳುತ್ತದೆ. ಬೆರಳುಗಳ ನಡುವೆ ಎಳೆ ತೆಗೆದು ನೋಡುವ ಅಜ್ಜಿ ಅಳೆಯುವುದೂ ಅದನ್ನೇ. ಈ ಲೆಕ್ಕ ಒಮ್ಮೆ ಅರ್ಥವಾದರೆ ಯಾರ ಕೈಯಲ್ಲಾದರೂ ಪಾಕ ಸರಿಯಾಗಿಯೇ ಬರುತ್ತದೆ.

ಇಲ್ಲಿ ಒಂದೇ ಪಾಕವನ್ನು ಮೊದಲಿಂದ ಕೊನೆಯವರೆಗೆ ಕೊಂಡೊಯ್ಯೋಣ. ಪ್ರತಿ ಹಂತದಲ್ಲೂ ಒಂದೊಂದು ಚಮಚ ತೆಗೆದು ತಟ್ಟೆಯಲ್ಲಿ ಇಡುತ್ತಾ ಹೋಗಿ. ಕೊನೆಯಲ್ಲಿ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಬೇಕಾಗುವ ಸಾಮಾನು

ಸಕ್ಕರೆ 500 ಗ್ರಾಂ, ನೀರು 250 ಮಿಲಿ. ದಪ್ಪ ತಳದ ಸ್ಟೀಲ್ ಪಾತ್ರೆ. ಒಳಗಿನ ಬಣ್ಣ ಕಾಣಬೇಕು, ಹಾಗಾಗಿ ಕಪ್ಪು ನಾನ್‌ಸ್ಟಿಕ್ ಬೇಡ. ಉದ್ದ ಹಿಡಿಯ ಚಮಚ, ತುಪ್ಪ ಸವರಿದ ಸ್ಟೀಲ್ ತಟ್ಟೆ, ಒಂದು ಬಟ್ಟಲು ತಣ್ಣೀರು, ಅರ್ಧ ನಿಂಬೆಹಣ್ಣು.

200 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುವ ಅಡುಗೆ ಥರ್ಮಾಮೀಟರ್ ಬೇಕು. ಕಡ್ಡಿ ಇರುವ ಡಿಜಿಟಲ್ ನಮೂನೆ ಸಾಕು. ಜ್ವರ ನೋಡುವ ಥರ್ಮಾಮೀಟರನ್ನು ಯಾವ ಕಾರಣಕ್ಕೂ ಹಾಕಬೇಡಿ, ಗಾಜಿನದಾದರೆ ಒಡೆಯುತ್ತದೆ. ದೂರದಿಂದ ಹಿಡಿದು ನೋಡುವ ಇನ್ಫ್ರಾರೆಡ್ ಗನ್ ಇಲ್ಲಿ ಕೆಲಸಕ್ಕೆ ಬಾರದು. ಅದು ಮೇಲ್ಮೈಯನ್ನು ಮಾತ್ರ ಅಳೆಯುತ್ತದೆ, ಹೊಳೆಯುವ ಸ್ಟೀಲಿನ ಮೇಲೆ ತಪ್ಪು ಲೆಕ್ಕವನ್ನೂ ಕೊಡುತ್ತದೆ.

ಎಚ್ಚರಿಕೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿ ಪಾಕ ಕುದಿಯುವ ನೀರಿಗಿಂತ ಜಾಸ್ತಿ ಅಪಾಯಕಾರಿ. ಅದರ ಬಿಸಿಯೂ ಹೆಚ್ಚು, ಮೈಮೇಲೆ ಬಿದ್ದರೆ ಜಾರಿ ಹೋಗದೆ ಅಂಟಿಕೊಳ್ಳುತ್ತದೆ. ಚಿಕ್ಕ ಮಕ್ಕಳನ್ನು ಒಲೆಯಿಂದ ದೂರ ಇಡಿ. ಪಾಕ ಸಿಡಿದರೆ ತಕ್ಷಣ ನಲ್ಲಿಯ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್, ಪೇಸ್ಟ್, ಅರಿಶಿನ ಏನೂ ಹಚ್ಚಬೇಡಿ. ಸುಟ್ಟ ಜಾಗ ದೊಡ್ಡದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಹಂತ 1: ನಿಮ್ಮ ಊರಿನ ಕುದಿಬಿಂದು ತಿಳಿದುಕೊಳ್ಳಿ

ಮೊದಲು ಬರೀ ನೀರು ಕುದಿಸಿ. ಚೆನ್ನಾಗಿ ಕೊತಕೊತ ಕುದಿಯುವಾಗ ಥರ್ಮಾಮೀಟರ್ ಕಡ್ಡಿಯನ್ನು ತಳಕ್ಕೆ ತಾಗದಂತೆ ಮುಳುಗಿಸಿ, ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಿ.

ಮಂಗಳೂರು, ಕಾರವಾರದಲ್ಲಿ ಅದು 100ರ ಆಸುಪಾಸು ಇರುತ್ತದೆ. ಬೆಂಗಳೂರಿನಲ್ಲಿ ಸುಮಾರು 97. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರಿನ ಅಣುಗಳು ಬೇಗ ಆವಿಯಾಗಿ ಹೊರಬೀಳುತ್ತವೆ. ಸರಿಸುಮಾರು ಪ್ರತಿ 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿ ಇಳಿಯುತ್ತದೆ ಎಂದು ನೆನಪಿಟ್ಟುಕೊಳ್ಳಿ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಹೊರದೇಶದ ರೆಸಿಪಿಗಳಲ್ಲಿ ಕೊಟ್ಟಿರುವ ಅಂಕಿಗಳು ಸಮುದ್ರಮಟ್ಟದವು. ಅದರಲ್ಲಿ 116 ಎಂದಿದೆ ಎಂದು ಬೆಂಗಳೂರಿನಲ್ಲೂ 116ರವರೆಗೆ ಕಾಯಿಸಿದರೆ, ನಿಮ್ಮ ಪಾಕ ಕರಾವಳಿಯ 119ರ ಹದಕ್ಕೆ ಹೋಗಿರುತ್ತದೆ. ಮೆತ್ತಗಿರಬೇಕಾದ ಬರ್ಫಿ ಗಟ್ಟಿಯಾಗಲು ಅಷ್ಟು ಸಾಕು. ನಾನು ಮುಂದೆ ಕೊಡುವ ಅಂಕಿಗಳೂ ಸಮುದ್ರಮಟ್ಟದವೇ. ನಿಮ್ಮ ಊರಿನಲ್ಲಿ ನೀರು 97ಕ್ಕೆ ಕುದ್ದರೆ, ಪಾಕದ ಅಂಕಿಯಿಂದ 3 ಕಳೆಯಿರಿ. ಥರ್ಮಾಮೀಟರಿನಲ್ಲೇ ಒಂದೆರಡು ಡಿಗ್ರಿ ತಪ್ಪಿದ್ದರೆ ಅದೂ ಇದರಲ್ಲೇ ಸರಿಹೋಗುತ್ತದೆ.

ಹಂತ 2: ಪೂರ್ತಿ ಕರಗಿಸಿ, ಆಮೇಲೆ ಕುದಿಸಿ

ಸಕ್ಕರೆ ಮತ್ತು ನೀರನ್ನು ಸಣ್ಣ ಉರಿಯಲ್ಲಿಟ್ಟು ಕಲಕಿ. ತಣ್ಣಗಿನ ನೀರಿಗೇ ಸಕ್ಕರೆ ಚೆನ್ನಾಗಿ ಕರಗುತ್ತದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. 100 ಡಿಗ್ರಿಗೆ ಹೋದರೆ ಅದೇ ನೀರು 480 ಗ್ರಾಂಗಿಂತ ಹೆಚ್ಚು ಹಿಡಿಯುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರ ತಲೆಯಲ್ಲಿರಲಿ. ಸಕ್ಕರೆ ಅಚ್ಚು, ಕಲ್ಲುಸಕ್ಕರೆ, ಕೆಟ್ಟುಹೋದ ಪಾಕ, ಎಲ್ಲದರ ಗುಟ್ಟೂ ಅಲ್ಲಿದೆ.

ಒಂದು ಕಾಳೂ ಉಳಿಯದಂತೆ ಕರಗಿದ ಮೇಲೆ ಉರಿ ಹೆಚ್ಚಿಸಿ. ಕುದಿ ಶುರುವಾದ ಮೇಲೆ ಕಲಕುವುದನ್ನು ನಿಲ್ಲಿಸಿ. ಪಾತ್ರೆಯ ಒಳಗೋಡೆಗೆ ಅಂಟಿದ ಕಾಳುಗಳನ್ನು ಒದ್ದೆ ಬ್ರಷ್‌ನಿಂದ ಕೆಳಗಿಳಿಸಿ. ಈ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪಾಕ ಮರಳುಮರಳಾಗುವುದಕ್ಕೆ ಆ ಕಾಳುಗಳೇ ಸಾಕು. ಏಕೆಂದು ಹಂತ 5ರಲ್ಲಿ ನೋಡೋಣ.

ಹಂತ 3: ಕುದಿಯುತ್ತಿದ್ದರೂ ಬಿಸಿ ಏರುವುದನ್ನು ಗಮನಿಸಿ

ಬರೀ ನೀರು ಕುದಿಯುವಾಗ ಎಷ್ಟೇ ಉರಿ ಕೊಟ್ಟರೂ ಬಿಸಿ ಏರುವುದಿಲ್ಲ. ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಪಾಕ ಹಾಗಲ್ಲ. ಕುದಿಯುತ್ತಲೇ ಅದರ ಬಿಸಿ ಏರುತ್ತಾ ಹೋಗುತ್ತದೆ.

ಪಾಕದಿಂದ ಹೊರಹೋಗುವುದು ನೀರು ಮಾತ್ರ. ಸಕ್ಕರೆ ಪಾತ್ರೆಯಲ್ಲೇ ಉಳಿಯುತ್ತದೆ. ನೀರು ಕಡಿಮೆಯಾದಷ್ಟೂ ಉಳಿದ ನೀರಿನ ಅಣುಗಳಿಗೆ ತಪ್ಪಿಸಿಕೊಂಡು ಹೋಗುವುದು ಕಷ್ಟ, ಹಾಗಾಗಿ ಕುದಿಯಲು ಇನ್ನಷ್ಟು ಬಿಸಿ ಬೇಕು. ಪಿಯುಸಿಯಲ್ಲಿ ಓದಿದ ರೌಲ್ಟ್ ನಿಯಮದ ಹಿಂದಿರುವುದು ಇದೇ. ಅಂದರೆ ಪ್ರತಿ ಡಿಗ್ರಿಯೂ ಒಂದು ನಿಶ್ಚಿತ ನೀರಿನ ಪ್ರಮಾಣವನ್ನು ಹೇಳುತ್ತದೆ.

ನಮ್ಮ ಅಳತೆಗೇ ಲೆಕ್ಕ ಹಾಕೋಣ. ಶುರುವಿನಲ್ಲಿ ಸಕ್ಕರೆ ಮೂರನೇ ಎರಡು ಭಾಗ ಇದೆ, ಹಾಗಾಗಿ ಕುದಿ ಬರುವುದೇ 104-105ರ ಹೊತ್ತಿಗೆ. 112 ಡಿಗ್ರಿಗೆ ಬಂದಾಗ ಪಾಕದಲ್ಲಿ ಶೇ. 80ರಷ್ಟು ಸಕ್ಕರೆ. ಅಂದರೆ 250 ಗ್ರಾಂ ನೀರಿನಲ್ಲಿ 125 ಗ್ರಾಂ ಹೋಗಿದೆ. ಇನ್ನು 140ಕ್ಕೆ ಬಂದಾಗ ಶೇ. 95ರಷ್ಟು ಸಕ್ಕರೆ, ಉಳಿದ ನೀರು ಬರೀ 26 ಗ್ರಾಂ. ಮೊದಲ 125 ಗ್ರಾಂ ನೀರು ಹೋಗುವಾಗ ಏರಿದ್ದು ಏಳೆಂಟು ಡಿಗ್ರಿ ಮಾತ್ರ. ಆಮೇಲಿನ 100 ಗ್ರಾಂಗೆ ಏರಿದ್ದು 28 ಡಿಗ್ರಿ!

ಪಾಕ ಇಷ್ಟೊತ್ತು ಏನೂ ಆಗದಂತೆ ಕುದಿಯುತ್ತಿದ್ದು, ಆಮೇಲೆ ನೋಡನೋಡುತ್ತಲೇ ಹದ ಮೀರುವುದು ಇದಕ್ಕೇ. 112 ದಾಟಿದ ಮೇಲೆ ಒಲೆ ಬಿಟ್ಟು ಕದಲಬೇಡಿ. ಉರಿಯನ್ನೂ ತಗ್ಗಿಸಿ.

ಈ ಹಂತದಲ್ಲೇ ಮನೆಯ ಪಾಕಗಳು ಒಂದೊಂದಾಗಿ ಬರುತ್ತವೆ. ಬೆರಳಿಗೆ ಜಿಗುಟು ಹತ್ತಿದರೆ ಸಾಕು ಎನ್ನುವ ಜಾಮೂನಿನ ಪಾಕ ಕುದಿ ಬಂದ ಸ್ವಲ್ಪ ಹೊತ್ತಿಗೇ ಆಗುತ್ತದೆ. ಒಂದೆಳೆ ಪಾಕ ಸುಮಾರು 105ರಿಂದ 108. ಎಳೆ ಗಟ್ಟಿಯಾಗಿ, ತುಂಡಾಗದೆ ಉದ್ದ ಬರುವುದು 110ರ ಸುಮಾರಿಗೆ. ಎಳೆ ನೋಡುವಾಗ ಪಾಕವನ್ನು ತಟ್ಟೆಗೆ ಬಿಟ್ಟು ಸ್ವಲ್ಪ ಆರಿಸಿ, ಆಮೇಲೆ ಬೆರಳಿಗೆ ಹಚ್ಚಿ.

ಹಂತ 4: ನಿಂಬೆರಸವನ್ನು ಯಾವಾಗ ಹಿಂಡಬೇಕು

ಅರ್ಧ ಪಾಕವನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಅದಕ್ಕೆ ಮಾತ್ರ ಐದಾರು ಹನಿ ನಿಂಬೆರಸ ಹಾಕಿ ಕೆಲವು ನಿಮಿಷ ಕುದಿಸಿ ಪಕ್ಕಕ್ಕಿಡಿ. ಮರುದಿನ ಎರಡನ್ನೂ ಹೋಲಿಸಿ ನೋಡಬಹುದು.

ನಾವು ಬಳಸುವ ಸಕ್ಕರೆಯ ಹೆಸರು ಸುಕ್ರೋಸ್. ಅದರ ಒಂದು ಅಣುವಿನಲ್ಲಿ ಗ್ಲುಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಕ್ಕರೆಗಳು ಕೊಂಡಿ ಹಾಕಿಕೊಂಡಿರುತ್ತವೆ. ಹುಳಿ ಇದ್ದರೆ ನೀರಿನ ಒಂದು ಅಣು ಆ ಕೊಂಡಿಯನ್ನು ಬಿಡಿಸುತ್ತದೆ. ಹೀಗೆ ಮೂರು ಬಗೆಯ ಸಕ್ಕರೆ ಬೆರೆತ ಪಾಕ ಸುಲಭಕ್ಕೆ ಹರಳುಗಟ್ಟುವುದಿಲ್ಲ. ಜಾಮೂನಿನ ಪಾಕಕ್ಕೆ ನಿಂಬೆ ಹಿಂಡುವುದು ರುಚಿಗಷ್ಟೇ ಅಲ್ಲ, ಇದಕ್ಕೂ ಹೌದು.

ಆದರೆ ನಿಂಬೆಯನ್ನು ಕುದಿಯುವ ಪಾಕಕ್ಕೇ ಹಾಕಬೇಕು. ಒಲೆಯಿಂದ ಇಳಿಸಿ, ಆರಿದ ಮೇಲೆ ಹಿಂಡಿದರೆ ರುಚಿ ಬರುತ್ತದೆ, ಈ ಕೆಲಸ ನಡೆಯುವುದಿಲ್ಲ. ಹತ್ತು ಡಿಗ್ರಿ ಬಿಸಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಎರಡು ಪಟ್ಟಾಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ, ಅಲ್ವಾ? ಅದು ಅಂದಾಜಿನ ಮಾತು. ಸಕ್ಕರೆಯ ಈ ಕೊಂಡಿ ಬಿಡಿಸುವ ಕ್ರಿಯೆ ಅದಕ್ಕಿಂತ ಚುರುಕು. 25ರಿಂದ 35 ಡಿಗ್ರಿಗೆ ಹೋದರೆ ವೇಗ ಸುಮಾರು ನಾಲ್ಕು ಪಟ್ಟಾಗುತ್ತದೆ. 30 ಡಿಗ್ರಿಯಿಂದ ಕುದಿಯುವ ಬಿಸಿಗೆ ಹೋದರೆ ಸಾವಿರಾರು ಪಟ್ಟು. ಬೇಸಿಗೆಯ ನಿಂಬೆ ಪಾನಕ ಅಂದಿನ ಮಟ್ಟಿಗೆ ಹಾಗೇ ಇರುತ್ತದೆ. ಒಲೆಯ ಮೇಲಿನ ಪಾಕ ಕೆಲವೇ ನಿಮಿಷಗಳಲ್ಲಿ ಬದಲಾಗುತ್ತದೆ.

ಇಲ್ಲಿ ನನಗೆ ಬಹಳ ಖುಷಿ ಕೊಡುವ ಒಂದು ಸಂಗತಿ ಹೇಳಲೇಬೇಕು. ರಾಸಾಯನಿಕ ಕ್ರಿಯೆಯ ವೇಗವನ್ನು ಅಳೆದು ಲೆಕ್ಕಕ್ಕೆ ಇಳಿಸುವ ಕೆಲಸ ಶುರುವಾದದ್ದೇ ಈ ಸಕ್ಕರೆಯಿಂದ. ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ 1850ರಲ್ಲಿ ಹುಳಿ ಸೇರಿಸಿದ ಸಕ್ಕರೆ ನೀರಿನೊಳಗೆ ಬೆಳಕು ಹಾಯಿಸಿ, ಸಕ್ಕರೆ ಎಷ್ಟು ವೇಗವಾಗಿ ಒಡೆಯುತ್ತಿದೆ ಎಂದು ಅಳೆದರು. 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಬಿಸಿಗೂ ವೇಗಕ್ಕೂ ಇರುವ ಸಂಬಂಧದ ಸೂತ್ರವನ್ನು ಕೊಟ್ಟ ಪ್ರಬಂಧದ ವಿಷಯವೂ ಕಬ್ಬಿನ ಸಕ್ಕರೆ ಹುಳಿಯಲ್ಲಿ ಒಡೆಯುವುದೇ. ಅಣುಗಳು ಒಂದು ತಡೆಯನ್ನು ದಾಟಿದರೆ ಮಾತ್ರ ಕ್ರಿಯೆ ನಡೆಯುತ್ತದೆ, ಬಿಸಿ ಏರಿದರೆ ಆ ತಡೆ ದಾಟುವಷ್ಟು ಶಕ್ತಿಯಿರುವ ಅಣುಗಳ ಸಂಖ್ಯೆ ಬಹಳ ಬೇಗ ಹೆಚ್ಚುತ್ತದೆ ಎಂಬುದು ಅವರ ವಿವರಣೆ. ಇವತ್ತು ಔಷಧಿಯ ಎಕ್ಸ್‌ಪೈರಿ ದಿನಾಂಕದ ಲೆಕ್ಕದಲ್ಲೂ ಇದೇ ಸೂತ್ರ ಬಳಕೆಯಾಗುತ್ತದೆ.

ಹಂತ 5: ಉಂಡೆ ಪಾಕ, ಮತ್ತು ಹರಳಿನ ಆಟ

ನಿಂಬೆ ಹಾಕದ ಪಾಕವನ್ನು ಮತ್ತೆ ಕಾಯಿಸಿ. 112ರಿಂದ 116ರ ನಡುವೆ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ಕರಗಿ ಹೋಗದೆ, ಬೆರಳಲ್ಲಿ ಮೆತ್ತನೆಯ ಉಂಡೆಯಾಗುತ್ತದೆ. 118-120ಕ್ಕೆ ಉಂಡೆ ಒತ್ತಿದರೂ ಆಕಾರ ಬಿಡುವುದಿಲ್ಲ. 121ರಿಂದ 130ರ ನಡುವೆ ಉಂಡೆ ಗಟ್ಟಿ.

ನಮ್ಮ ಆಲೆಮನೆಗಳಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತನ್ನು ತೀರ್ಮಾನಿಸುವುದೂ ಹೀಗೆಯೇ, ಪಾಕವನ್ನು ನೀರಿಗೆ ಬಿಟ್ಟು ಉಂಡೆ ನೋಡಿ. ಮಲೆನಾಡಿನ ಜೋನಿ ಬೆಲ್ಲ 105ರ ಆಸುಪಾಸಿನಲ್ಲೇ ಇಳಿಯುತ್ತದೆ, ಅದಕ್ಕೇ ಅದು ನೀರಾಗಿ ಉಳಿಯುತ್ತದೆ. ಅಚ್ಚು ಬೆಲ್ಲ, ಉಂಡೆ ಬೆಲ್ಲಕ್ಕೆ 118ರ ಹತ್ತಿರ ಹೋಗಬೇಕು. ಕಬ್ಬು ಒಂದೇ, ರಸ ಒಂದೇ. ಹದಿಮೂರು ಡಿಗ್ರಿಯಲ್ಲಿ ಎರಡು ಬೇರೆ ಪದಾರ್ಥಗಳು. ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುವುದರ ಒಂದು ಉದ್ದೇಶ ನಾವು ನಿಂಬೆಯಿಂದ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ರಸದ ಹುಳಿಯನ್ನು ಸುಣ್ಣ ತಗ್ಗಿಸುತ್ತದೆ. ಬಿಸಿಯಲ್ಲಿ ಸುಕ್ರೋಸ್ ಒಡೆಯುವುದು ಕಡಿಮೆಯಾಗಿ ಬೆಲ್ಲ ಗಟ್ಟಿಯಾಗಿ ಕೂರುತ್ತದೆ.

ಈಗ 113-114ರ ಪಾಕದಿಂದ ಎರಡು ಸಣ್ಣ ಬಟ್ಟಲಿಗೆ ಹಾಕಿ. ಒಂದನ್ನು ಅಲುಗಾಡಿಸದೆ ಆರಲು ಬಿಡಿ. ಇನ್ನೊಂದನ್ನು ಮರದ ಚಮಚದಿಂದ ಬಿರುಸಾಗಿ ತಿರುವಿ. ತಿರುವಿದ್ದು ಸ್ವಲ್ಪ ಹೊತ್ತಿನಲ್ಲೇ ಬೆಳ್ಳಗಾಗಿ, ಮಂದವಾಗಿ, ಗಟ್ಟಿ ಕೂರುತ್ತದೆ. ಸುಮ್ನೆ ಬಿಟ್ಟದ್ದು ಬಹಳ ಹೊತ್ತು ಪಾರದರ್ಶಕವಾಗಿಯೇ ಇರುತ್ತದೆ.

ಹಂತ 2ರ ಅಂಕಿಗಳನ್ನು ಈಗ ನೆನಪಿಸಿಕೊಳ್ಳಿ. ಬಿಸಿ ಪಾಕದಲ್ಲಿ 100 ಗ್ರಾಂ ನೀರಿಗೆ 400 ಗ್ರಾಂಗಿಂತ ಹೆಚ್ಚು ಸಕ್ಕರೆ ಇದೆ. ಆರಿದ ನೀರಿಗೆ 200 ಗ್ರಾಂ ಮಾತ್ರ ಹಿಡಿಯುವ ಶಕ್ತಿ. ಉಳಿದದ್ದು ಹೊರಬರಲೇಬೇಕು. ಆದರೆ ಹರಳು ಬೆಳೆಯಲು ಒಂದು ಬೀಜ ಬೇಕು, ಒಂದು ಕಾಳು ಸಕ್ಕರೆಯೋ, ಧೂಳೋ, ಚಮಚದ ತಿಕ್ಕಾಟವೋ. ತಿರುವಿದಾಗ ಒಮ್ಮೆಗೇ ಲೆಕ್ಕವಿಲ್ಲದಷ್ಟು ಬೀಜಗಳು ಹುಟ್ಟುತ್ತವೆ, ಯಾವುದಕ್ಕೂ ದೊಡ್ಡದಾಗುವಷ್ಟು ಸಕ್ಕರೆ ಸಿಗುವುದಿಲ್ಲ. ಎಲ್ಲವೂ ನುಣ್ಣಗೆ ಉಳಿಯುತ್ತವೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಬಿಳುಪು ಇದರಿಂದಲೇ. ಪಾಕವನ್ನು ತಿರುವಿ, ಮಂದವಾಗುತ್ತಿದ್ದಂತೆ ಮರದ ಅಚ್ಚಿಗೆ ಹೊಯ್ಯುವುದರ ಕಾರಣವೂ ಇದೇ. ಅದೇ ಪಾಕಕ್ಕೆ ದಾರ ಇಳಿಬಿಟ್ಟು ಬಹಳ ನಿಧಾನವಾಗಿ ಆರಲು ಬಿಟ್ಟರೆ ಕೆಲವೇ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ಅದು ಕಲ್ಲುಸಕ್ಕರೆ. ವಸ್ತು ಒಂದೇ ಇದ್ದರೂ, ಎಷ್ಟು ಬೇಗ ತಣ್ಣಗಾಯಿತು ಎಂಬುದರ ಮೇಲೆ ರೂಪ ನಿಂತಿದೆ.

ನಿಮ್ಮ ಜಾಮೂನಿನ ಪಾಕ ಮರುದಿನ ಮರಳಾಗಿದ್ದರೆ ಸ್ವಲ್ಪ ನೀರು ಸೇರಿಸಿ, ಬಿಸಿ ಮಾಡಿ ಪೂರ್ತಿ ಕರಗಿಸಿ, ನಿಂಬೆ ಹಿಂಡಿ ಕುದಿಸಿ. ಸರಿಹೋಗುತ್ತದೆ. ಇಲ್ಲಿಯವರೆಗಿನ ಯಾವ ತಪ್ಪಿಗೂ ನೀರೇ ಮದ್ದು.

ಹಂತ 6: ಟಣ್ ಎನ್ನುವ ಪಾಕ

ಪಾಕ 132 ದಾಟಿದ ಮೇಲೆ ನೀರಿಗೆ ಬಿಟ್ಟ ಹನಿ ಎಳೆಯಾಗಿ ಬಾಗುತ್ತದೆ. 146 ದಾಟಿದರೆ ಲಟಕ್ಕೆಂದು ಮುರಿಯುತ್ತದೆ. ತಟ್ಟೆಗೆ ಹಾಕಿದರೆ ಟಣ್ ಎಂದು ಸದ್ದು ಬರುತ್ತದೆ. ಗರಿಗರಿ ಕಡಲೆ ಮಿಠಾಯಿಗೆ ಬೇಕಾದದ್ದು ಈ ಹದ. ಹಲ್ಲಿಗೆ ಅಂಟುವ ಮಿಠಾಯಿಯಲ್ಲಿ ನೀರು ಇನ್ನೂ ಉಳಿದಿದೆ ಎಂದೇ ಅರ್ಥ.

ಈ ಚೂರು ಗಟ್ಟಿಯಾಗಿದ್ದರೂ ಹರಳಲ್ಲ. ಪಾಕ ಎಷ್ಟು ಮಂದವೆಂದರೆ, ಆರುವಾಗ ಅಣುಗಳಿಗೆ ಸಾಲಾಗಿ ಜೋಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅಡ್ಡಾದಿಡ್ಡಿ ಇದ್ದಲ್ಲೇ ನಿಂತುಬಿಡುತ್ತವೆ. ಇದನ್ನೇ ಗಾಜು ಎನ್ನುವುದು. ನೀರಿಲ್ಲದ ಸಕ್ಕರೆ ಗಾಜು ಸುಮಾರು 60-70 ಡಿಗ್ರಿಯವರೆಗೆ ಗಟ್ಟಿಯಾಗಿರುತ್ತದೆ. ಸ್ವಲ್ಪ ನೀರು ಸೇರಿದರೂ ಆ ಅಂಕಿ ಕೋಣೆಯ ಬಿಸಿಯ ಹತ್ತಿರಕ್ಕೆ ಇಳಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಚಿಕ್ಕಿ ಅಂಟಂಟಾಗುವುದು ಗಾಳಿಯ ತೇವವನ್ನು ಅದು ಎಳೆದುಕೊಳ್ಳುವುದರಿಂದ. ಪೂರ್ತಿ ಆರಿದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಬೆವರು ಕೂರುತ್ತದೆ.

ಹಂತ 7: ಸಕ್ಕರೆ ಸಕ್ಕರೆಯಾಗಿ ಉಳಿಯದ ಬಿಸಿ

160 ಸಮೀಪಿಸಿದಾಗ ಪಾತ್ರೆಯ ಅಂಚಿನಲ್ಲಿ ಹೊಂಬಣ್ಣ ಶುರುವಾಗುತ್ತದೆ. ಇಲ್ಲಿಂದ ಕಥೆ ಬೇರೆ. ಇಷ್ಟು ಹೊತ್ತು ಹೋದದ್ದು ನಾವು ಸೇರಿಸಿದ ನೀರು. ಈಗ ಹೋಗುತ್ತಿರುವುದು ಸಕ್ಕರೆಯ ಅಣುವಿನೊಳಗಿಂದಲೇ ಬಿಡುಗಡೆಯಾಗುವ ನೀರು. ಅಣುಗಳು ಒಡೆಯುತ್ತವೆ, ತುಂಡುಗಳು ಮತ್ತೆ ಬೇರೆ ರೀತಿಯಲ್ಲಿ ಸೇರಿಕೊಳ್ಳುತ್ತವೆ. ನೂರಾರು ಹೊಸ ಸಂಯುಕ್ತಗಳು ಹುಟ್ಟುತ್ತವೆ. ಕೆಲವು ಬಣ್ಣ ಕೊಡುತ್ತವೆ, ಕೆಲವು ಬೆಣ್ಣೆಯ, ಹುರಿದ ಬೀಜದ ಘಮ ಕೊಡುತ್ತವೆ. ಸಿಹಿ ಇಳಿಯುತ್ತದೆ, ಕಹಿ ಏರುತ್ತದೆ.

ಊರಿನ ಎತ್ತರದ ಲೆಕ್ಕವನ್ನು ಇಲ್ಲಿ ಬಿಟ್ಟುಬಿಡಿ. ಕುದಿಯುವುದು ಗಾಳಿಯ ಒತ್ತಡವನ್ನು ನಂಬಿಕೊಂಡಿದೆ. ಅಣು ಒಡೆಯುವುದಕ್ಕೆ ಆ ಒತ್ತಡದ ಹಂಗಿಲ್ಲ. ಹಾಗಾಗಿ ಮಡಿಕೇರಿಯಲ್ಲೂ ಮಂಗಳೂರಿನಲ್ಲೂ ಕ್ಯಾರಮೆಲ್‌ನ ಅಂಕಿ ಒಂದೇ.

ಜೇನಿನ ಬಣ್ಣ ಬಂದ ಕೂಡಲೇ ಒಲೆ ಆರಿಸಿ. ಪಾತ್ರೆಯ ತಳದಲ್ಲಿ ಉಳಿದ ಬಿಸಿಯೇ ಅದನ್ನು ಇನ್ನೊಂದಿಷ್ಟು ಮುಂದಕ್ಕೆ ಒಯ್ಯುತ್ತದೆ, ಅದಕ್ಕೇ ಬೇಕಾದ ಬಣ್ಣಕ್ಕಿಂತ ಒಂದು ಹೆಜ್ಜೆ ಮೊದಲೇ ನಿಲ್ಲಿಸಬೇಕು. ಪಾತ್ರೆಯ ತಳವನ್ನು ತಣ್ಣೀರಿನ ತಟ್ಟೆಯಲ್ಲಿಟ್ಟರೆ ಕ್ರಿಯೆ ಬೇಗ ನಿಲ್ಲುತ್ತದೆ. ಕ್ಯಾರಮೆಲ್ ಒಳಕ್ಕೆ ನೀರು ಹೊಯ್ಯುವುದಾದರೆ ಬಿಸಿ ನೀರನ್ನೇ ಸ್ವಲ್ಪಸ್ವಲ್ಪವಾಗಿ, ಮುಖ ದೂರವಿಟ್ಟು ಹೊಯ್ಯಿರಿ. 160 ಡಿಗ್ರಿಯ ಪಾಕಕ್ಕೆ ಬಿದ್ದ ನೀರು ಕ್ಷಣದಲ್ಲಿ ಆವಿಯಾಗಿ ಸಿಡಿಯುತ್ತದೆ.

ಇನ್ನೂ ಕಾಯಿಸಿದರೆ ಹೊಗೆ, ಆಮೇಲೆ ಕಪ್ಪು. ಸುಕ್ರೋಸಿನ ಒಂದು ಅಣುವಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್ ಪರಮಾಣುಗಳಿವೆ. ಅಂದರೆ 12 ಕಾರ್ಬನ್ ಮತ್ತು 11 ನೀರಿಗೆ ಆಗುವಷ್ಟು ಸಾಮಗ್ರಿ. ನೀರೆಲ್ಲ ಹೋದರೆ ಉಳಿಯುವುದು ಇದ್ದಿಲು.

ಬೆಲ್ಲ ಮತ್ತು ತುಪ್ಪ

ಬೆಲ್ಲದ ಪಾಕಕ್ಕೆ ಇದೇ ಅಂಕಿಗಳನ್ನು ಕಣ್ಣುಮುಚ್ಚಿ ಹಾಕಬೇಡಿ. ಬೆಲ್ಲದಲ್ಲಿ ಸುಕ್ರೋಸ್ ಜೊತೆ ಗ್ಲುಕೋಸ್, ಫ್ರಕ್ಟೋಸ್, ಖನಿಜಗಳು, ಸ್ವಲ್ಪ ಪ್ರೋಟೀನಿನ ಅಂಶವೂ ಇವೆ. ಫ್ರಕ್ಟೋಸ್ ಸುಕ್ರೋಸಿಗಿಂತ ಬಹಳ ಮೊದಲೇ ಒಡೆಯಲು ಶುರುಮಾಡುತ್ತದೆ. ಹಾಗಾಗಿ ಬೆಲ್ಲ ಬೇಗ ಸೀಯುತ್ತದೆ. ಬಣ್ಣ ನೋಡಿ ಹದ ಹೇಳಲೂ ಆಗದು, ಅದು ಮೊದಲೇ ಕಂದು. ಕಜ್ಜಾಯಕ್ಕೆ, ಚಿಕ್ಕಿಗೆ ನೀರಿನಲ್ಲಿ ಹನಿ ಬಿಟ್ಟು ನೋಡುವ ಹಳೆಯ ಪರೀಕ್ಷೆಯೇ ಥರ್ಮಾಮೀಟರಿಗಿಂತ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಉರಿ ಸಣ್ಣಗಿರಲಿ.

ಮೈಸೂರು ಪಾಕ್‌ನಲ್ಲಿ ಶಾಖದ ಇನ್ನೊಂದು ಕೆಲಸ ಕಾಣುತ್ತದೆ. ಒಂದೆಳೆ ಪಾಕಕ್ಕೆ ಕಡಲೆಹಿಟ್ಟು ಹಾಕಿದ ಮೇಲೆ ತುಪ್ಪವನ್ನು ಚೆನ್ನಾಗಿ ಕಾಯಿಸಿಯೇ ಸುರಿಯಬೇಕು. ತುಪ್ಪದಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದು ಕುದಿಯದೆ 150 ಡಿಗ್ರಿಯಾಚೆಗೂ ಬಿಸಿಯಾಗುತ್ತದೆ. ಅದು ತಾಗಿದ ಕೂಡಲೇ ಪಾಕದೊಳಗಿನ ನೀರು ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟಿಗಿಂತ ಹೆಚ್ಚು ಜಾಗ ಬೇಡುತ್ತದೆ. ಹಿಟ್ಟು ಉಬ್ಬಿ ನೊರೆಯಾಗಿ, ಒಳಗೆಲ್ಲ ತೂತುಗಳು ಬೀಳುತ್ತವೆ. ತಣ್ಣನೆಯ ತುಪ್ಪ ಹಾಕಿದರೆ ರುಚಿಯೇನೋ ಇರುತ್ತದೆ, ಆ ಗೂಡುಗೂಡಾದ ಮೈಸೂರು ಪಾಕ್ ಬರುವುದಿಲ್ಲ. ತುಪ್ಪವನ್ನು ಒಂದೇ ಸಲ ಸುರಿಯಬೇಡಿ. ಸೌಟಿನಲ್ಲಿ ಸ್ವಲ್ಪ ಸುರಿದು, ನೊರೆ ಇಳಿದ ಮೇಲೆ ಮತ್ತೆ ಸುರಿಯಿರಿ.

ಪಾತ್ರೆ ತೊಳೆಯುವುದು

ತಳಕ್ಕೆ ಗಟ್ಟಿಯಾಗಿ ಅಂಟಿದ ಪಾಕವನ್ನು ಚಾಕುವಿನಿಂದ ಕೆರೆಯಬೇಡಿ. ಪಾತ್ರೆ ಆರಿದ ಮೇಲೆ ಅರ್ಧದಷ್ಟು ನೀರು ತುಂಬಿ ಒಲೆಯ ಮೇಲಿಡಿ. ಚಮಚ, ಥರ್ಮಾಮೀಟರಿನ ಕಡ್ಡಿ ಎರಡನ್ನೂ ಅದರಲ್ಲೇ ಅದ್ದಿಡಿ. ನೀರು ಕುದಿಯುವ ಹೊತ್ತಿಗೆ ಎಳೆ ಪಾಕ, ಉಂಡೆ ಪಾಕ, ಗಾಜು, ಹೊಂಬಣ್ಣದ ಕ್ಯಾರಮೆಲ್ ಎಲ್ಲವೂ ಕರಗಿ ಬಿಟ್ಟುಕೊಂಡಿರುತ್ತವೆ. ಕಪ್ಪಾಗಿ ಸೀದ ಭಾಗ ಮಾತ್ರ ಕರಗುವುದಿಲ್ಲ. ಅದಕ್ಕೆ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಕುದಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನಾರು ಹಾಕಿ ಉಜ್ಜಬೇಕು. ಅಲ್ಯೂಮಿನಿಯಂ ಪಾತ್ರೆಯಾದರೆ ಸೋಡಾ ಬೇಡ, ಪಾತ್ರೆ ಕಪ್ಪಾಗುತ್ತದೆ.